ಕಂಡದ್ದಾ, ಕೇಂಡದ್ದಾ?

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ವಾಟ್ಸಾಪಿನಲ್ಲಿ. ನಿವೃತ್ತರೆಲ್ಲ ಸೇರಿ ಮಾಡಿಕೊಂಡ ಗುಂಪಿನಲ್ಲಿ, ಬೆಳಗಿನ ಶುಭೋದಯದ ಹೂಗಳ ನಡುವೆ ಒಂದು ಫಾರ್ವರ್ಡು. ಅದರಲ್ಲಿದ್ದ ಫೋಟೋ ಬೇರೆ ಯಾರದ್ದೋ. ಕೆಳಗೆ ‘ನಿವೃತ್ತ ಭೂಗೋಳ ಉಪನ್ಯಾಸಕರು’ ಎಂದಿತ್ತು. ಅವರು ಜೀವಮಾನವಿಡೀ ಪಾಠ ಮಾಡಿದ್ದು ಇತಿಹಾಸ. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಇವರೆಲ್ಲ ಆ ಮನುಷ್ಯನ ಪಕ್ಕದ ಕುರ್ಚಿಯಲ್ಲಿ ಅಷ್ಟು ವರ್ಷ ಕೂತು ಕಲಿತದ್ದು ಇಷ್ಟೆಯಾ? ಒಬ್ಬರಾದರೂ ಕೇಳಬಾರದಿತ್ತೇ, ಇದು ಕಂಡದ್ದಾ, ಕೇಂಡದ್ದಾ ಅಂತ? ನಾನು ಸೀರೆ ಸುತ್ತಿಕೊಂಡು ಕುಂದಾಪುರದಲ್ಲಿ ಬಸ್ಸು ಹತ್ತಿದೆ. ಬ್ರಹ್ಮಾವರದಲ್ಲಿ ಇಳಿದು ಅವರ ಮನೆಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ನೋಡಿದೆ. ಕಂಡೆ. ಆಮೇಲೆ ಚಾವಡಿಯ ಕಂಬಕ್ಕೆ ಒರಗಿ ಅತ್ತೆ.

ನಮ್ಮ ಕಡೆಯ ಮಾತಿನಲ್ಲಿ ಕೇಂಡದ್ದು ಅಂದರೆ ಕೇಳಿದ್ದು. ಕಂಡದ್ದು, ಕೇಂಡದ್ದು, ಈ ಎರಡು ಪದಗಳ ನಡುವಿನ ಒಂದು ಗೇಣು ಜಾಗದಲ್ಲೇ ಅವರು ಬದುಕಿದರು. ಪಠ್ಯಪುಸ್ತಕದಲ್ಲಿ ಅದಕ್ಕೆ ಪ್ರಾಥಮಿಕ ಆಕರ, ದ್ವಿತೀಯಕ ಆಕರ ಎಂದೆಲ್ಲ ಹೆಸರಿತ್ತು. ಆ ಹೆಸರುಗಳನ್ನು ಅವರು ಪರೀಕ್ಷೆಗೆ ಬೇಕು ಅಂತ ಒಮ್ಮೆ ಬರೆಸಿ ಬಿಟ್ಟುಬಿಡುತ್ತಿದ್ದರು. ಆಮೇಲೆ ವರ್ಷವಿಡೀ ಬೆರಳಿನ ಪಾಠ. ಬಲಗೈಯ ತೋರುಬೆರಳು ಕಣ್ಣಿನ ಕೆಳಗೆ ಮುಟ್ಟಿದರೆ ಕಂಡದ್ದಾ, ಕಿವಿಯ ಹಾಲೆ ಎಳೆದರೆ ಕೇಂಡದ್ದಾ. ಉತ್ತರ ಪತ್ರಿಕೆ ತಿದ್ದುವಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಪುಟ್ಟ ಕಿವಿಯ ಚಿತ್ರ ಬರೆಯುತ್ತಿದ್ದರು. ಮಕ್ಕಳು ಅದನ್ನು ಗೋಡಂಬಿ ಎನ್ನುತ್ತಿದ್ದರು. ‘ಸರ್ ಈ ಸಲ ನಂಗೆ ಗೋಡಂಬಿ ಜಾಸ್ತಿ ಹಾಕಿದ್ದಾರೆ’ ಅಂತ ವರಾಂಡದಲ್ಲಿ ಗೊಣಗಿದರೆ ಮಾರ್ಕು ಕಡಿಮೆ ಬಂದಿದೆ ಅಂತ ಅರ್ಥ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಆಗ ನನ್ನ ಮನೆಯೂ ಬ್ರಹ್ಮಾವರದಲ್ಲೇ ಇತ್ತು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಕಾಯುವುದು. ಒಂದು ದಿನ ನಾನು ಓಡಿ ಬರುವಷ್ಟರಲ್ಲಿ ನಿಲ್ದಾಣದಲ್ಲಿದ್ದವರೊಬ್ಬರು ಎಕ್ಸ್‌ಪ್ರೆಸ್ ಈಗಷ್ಟೇ ಹೋಯಿತು ಎಂದರು. ನಾನು ತಲೆ ಚಚ್ಚಿಕೊಂಡು ಸರ್ವಿಸ್ ಬಸ್ಸು ಹತ್ತಲು ಹೊರಟೆ. ಇವರು ಅಲ್ಲಾಡಲಿಲ್ಲ. ಹಾಗೆಂದವರ ಹತ್ತಿರ ಹೋಗಿ ಕಣ್ಣು ಮುಟ್ಟಿ ಕಿವಿ ಎಳೆದರು. ಆತ ತಬ್ಬಿಬ್ಬಾಗಿ, ಅಲ್ಲಿ ಹೂವಿನವಳು ಹೇಳಿದ್ದು ಎಂದ. ಹೂವಿನವಳು ಹೇಳಿದ್ದು ಬೇರೆ ಬಸ್ಸಿನ ವಿಷಯ. ಐದೇ ನಿಮಿಷದಲ್ಲಿ ನಮ್ಮ ಎಕ್ಸ್‌ಪ್ರೆಸ್ ಬಂತು. ಕಿಟಕಿಯ ಬಳಿ ಕೂತು ಅವರು ಊರನ್ನೇ ಗೆದ್ದವರ ಹಾಗೆ ನನ್ನನ್ನು ನೋಡಿದರು. ಹಾಗಂತ ಯಾವಾಗಲೂ ಗೆದ್ದರೆಂದು ತಿಳಿಯಬೇಡಿ. ಇನ್ನೊಂದು ಸಲ ಇದೇ ಪಟ್ಟು ಹಿಡಿದು ನಿಂತರು, ಬಸ್ಸು ನಿಜಕ್ಕೂ ಹೋಗಿಯಾಗಿತ್ತು, ಇಬ್ಬರೂ ಪ್ರಾಂಶುಪಾಲರಿಂದ ಬೈಸಿಕೊಂಡೆವು. ಆಗ ನಾನು ಅವರ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಅವರ ಹೆಂಡತಿಗೆ ಈ ರೋಗದ ಬಗ್ಗೆ ಬೇಕಾದಷ್ಟು ಕತೆಗಳು ಗೊತ್ತಿದ್ದವು. ಮದುವೆಯ ಮಾತುಕತೆಗೆ ಬಂದಾಗ ಹುಡುಗಿ ಚೆನ್ನಾಗಿ ಹಾಡುತ್ತಾಳೆ ಎಂದು ದಲ್ಲಾಳಿ ಹೊಗಳಿದನಂತೆ. ಇವರು ಎಲ್ಲರೆದುರೇ ‘ನೀವ್ ಕೇಂಡದ್ದಾ?’ ಎಂದರಂತೆ. ಆತ ಕೇಳಿರಲಿಲ್ಲ. ಮುಂದೆ ಹುಡುಗಿಯೇ ಹಾಡಿದ ಮೇಲೆ ಇವರು ಗಂಭೀರವಾಗಿ, ಹಾಡಿನ ವಿಷಯದಲ್ಲಿ ಮಾತ್ರ ಕೇಂಡದ್ದೇ ಕಂಡದ್ದು ಎಂದು ತೀರ್ಪು ಕೊಟ್ಟರಂತೆ. ಇದನ್ನು ಹೇಳುವಾಗೆಲ್ಲ ಆಕೆ ನಗುತ್ತಿದ್ದರು. ಇವರು ಮಾತ್ರ ನಗದೆ, ತನ್ನ ಮಾತು ಸರಿಯೇ ಎಂದು ವಾದಿಸುತ್ತಿದ್ದರು. ಕಣ್ಣು ಕಿವಿಯ ಲೆಕ್ಕವಲ್ಲ, ನಡೆದ ಸಂಗತಿಗೂ ಹೇಳುವವನಿಗೂ ನಡುವೆ ಎಷ್ಟು ಜನ ನಿಂತಿದ್ದಾರೆ ಎಂಬುದು ಲೆಕ್ಕ ಅಂತ.

ಕಂಡವ ಹೇಳಿದ್ದೆಲ್ಲ ಸತ್ಯ ಅಂತಲೂ ಅವರು ನಂಬುತ್ತಿರಲಿಲ್ಲ. ಹೇಳಿದವ ಯಾರು, ಯಾವಾಗ ಹೇಳಿದ, ಹೇಳಿ ಅವನಿಗೆ ಎಂತ ಸಿಕ್ಕಿತು, ಇದಿಷ್ಟು ಕೇಳದೆ ಬಿಡುತ್ತಿರಲಿಲ್ಲ. ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿ ಬಂದ ಸಹೋದ್ಯೋಗಿಯೊಬ್ಬರು ಎಂಥಾ ಜನ ಮಾರಾಯರೇ, ಎರಡು ಗಂಟೆ ಸಾಲಿನಲ್ಲಿ ನಿಂತೆ ಎಂದರೆ, ಅವರು ಪ್ರಸಾದದ ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡು, ಕಂಡದ್ದೇ ಹೌದು, ಆದರೆ ತಡವಾಗಿ ಬಂದದ್ದಕ್ಕೆ ಕಾರಣ ಬೇಕಿತ್ತಲ್ಲ ಎನ್ನುತ್ತಿದ್ದರು. ಇಂಥವರನ್ನು ಮದುವೆ ಮನೆಗೆ ಕರೆಯಲು ಜನ ಹೆದರುತ್ತಿದ್ದರು ಅಂದರೆ ತಪ್ಪಿಲ್ಲ. ಆದರೆ ಊರಿನಲ್ಲಿ ಒಂದು ಮಾತು ಬೆಳೆದಿತ್ತು: ಇತಿಹಾಸದ ಸರ್ ಹೇಳಿದರೆ ಮುಗಿಯಿತು, ಅವರು ಸುಳ್ಳು ಹೇಳುವ ಜನವಲ್ಲ. ಆ ಹೆಸರೇ ಕಡೆಗೆ ಅವರ ಕೊರಳಿಗೆ ಬಂತು.

ಪ್ರತಿ ವರ್ಷ ಹೊಸ ತರಗತಿಗೆ ಅವರು ಒಂದು ಸುಳ್ಳು ಕತೆ ಹೇಳುತ್ತಿದ್ದರು. ಕಪ್ಪು ಹಲಗೆಯ ಮೇಲೆ ಚಂದದ ಅಕ್ಷರದಲ್ಲಿ ಬರೆದು ‘ಇದು ನಮ್ಮ ಕಡೆಯ ಹಳೆಯ ದಾಖಲೆ, ನಾಳೆ ಇದರ ಬಗ್ಗೆ ಮಾತಾಡುವ’ ಎಂದು ಬಿಟ್ಟುಬಿಡುವುದು. ಮರುದಿನ ಅದರ ಸುಳ್ಳನ್ನು ಮಕ್ಕಳೇ ಹಿಡಿಯಬೇಕು. ಕತೆ ಇಷ್ಟೇ. ಹಿಂದೆ ಅರಸರ ಕಾಲದಲ್ಲಿ ಲೂಟಿಯವರು ಹೊಳೆಯ ಆಚೆ ದಡಕ್ಕೆ ಬಂದು ನಿಂತಿದ್ದರು. ಹೊಳೆ ತುಂಬಿತ್ತು. ಎಲ್ಲಿ ದಾಟಬಹುದೆಂದು ಗೊತ್ತಿದ್ದವ ದೋಣಿ ನಡೆಸುವ ಕಡವಿನಮನೆಯವ ಒಬ್ಬನೇ. ಊರೆಲ್ಲ ಮಲಗಿದ ಮೇಲೆ ಅವನು ದಡಕ್ಕೆ ಹೋಗಿ ಲಾಟೀನು ಎತ್ತಿ ತೋರಿಸಿದ. ಬೆಳಗಾಗುವಾಗ ಊರು ಬರಿದಾಗಿತ್ತು.

ಕತೆಯಲ್ಲಿ ಎರಡು ತೂತು ಬೇಕೆಂದೇ ಇಟ್ಟಿದ್ದರು. ಸೀಮೆಎಣ್ಣೆಯ ಹೆಸರೇ ಕೇಳದ ಕಾಲದಲ್ಲಿ ಲಾಟೀನು ಎಲ್ಲಿಂದ ಬಂತು? ಊರೆಲ್ಲ ಮಲಗಿದ್ದರೆ ಅವನು ದೀಪ ಎತ್ತಿದ್ದನ್ನು ಕಂಡವರು ಯಾರು? ಮರುದಿನ ಯಾವನಾದರೂ ಒಬ್ಬ ಹಿಂದಿನ ಬೆಂಚಿನವ ಎದ್ದು ‘ಸರ್, ಲಾಟೀನು...’ ಎಂದು ತಡವರಿಸಿದರೆ ಇವರಿಗೆ ಹಬ್ಬ. ಮನೆಯ ಹೆಸರು ಸಹ ಸುಮ್ಮನೆ ಇಟ್ಟದ್ದು. ದೋಣಿ ದಾಟಿಸುವ ಜಾಗಕ್ಕೆ ನಮ್ಮಲ್ಲಿ ಕಡವು ಅನ್ನುವುದು. ಕಡವು ಇದ್ದಲ್ಲೆಲ್ಲ ಒಂದು ಕಡವಿನಮನೆ ಇದ್ದೇ ಇರುತ್ತದೆ. ಯಾರದ್ದೂ ಅಲ್ಲದ ಹೆಸರು ಅಂತ ಅವರು ತಿಳಿದಿದ್ದರು.

ಒಂದು ವರ್ಷ ಬೈಂದೂರು ಕಡೆಯ ಒಂದು ಹೊಳೆಬದಿಯ ಊರಿನಿಂದ ಒಬ್ಬ ಹುಡುಗ ಆ ತರಗತಿಯಲ್ಲಿ ಓದುತ್ತಿದ್ದ. ಒಳ್ಳೆಯ ಹುಡುಗ, ವಿಧೇಯ, ಮುತ್ತಿನಂಥ ಅಕ್ಷರ. ಕತೆಯನ್ನು ಅಂದವಾಗಿ ಬರೆದುಕೊಂಡ. ಮರುದಿನ ಅಕ್ಕನ ಮದುವೆ ಅಂತ ರಜೆ ಹಾಕಿದ. ಅಷ್ಟೇ ಆದದ್ದು. ಅವನಿಗೆ ಕತೆ ಸಿಕ್ಕಿತು, ಪಾಠ ಸಿಗಲಿಲ್ಲ. ಅವನ ಊರಿನಲ್ಲಿ ಕಡವು ಒಂದಿತ್ತು, ಕಡವಿನಮನೆಯೂ ಒಂದಿತ್ತು.

ಮುಂದೆ ಆ ಹುಡುಗ ಬೈಂದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು, ನಾಲ್ಕು ಜನಕ್ಕೆ ಬೇಕಾದವನಾಗಿ, ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ ನಿಂತ. ಸ್ಮರಣ ಸಂಚಿಕೆಗೂ ಅವನೇ ಸಂಪಾದಕ. ‘ನಮ್ಮೂರ ಇತಿಹಾಸ’ ಎಂಬ ಲೇಖನದಲ್ಲಿ ಆ ಕತೆಯನ್ನು ಹಾಕಿ, ಕೊನೆಯಲ್ಲಿ ಆಕರ ಎಂದು ಇವರ ಹೆಸರು ಕೊಟ್ಟ. ಆಕರ ಕೊಡದೆ ಇತಿಹಾಸ ಬರೆಯಬಾರದು ಎಂದು ಕಲಿಸಿದ್ದು ಇವರೇ ತಾನೆ. ಇನ್ನೊಂದು ಕೆಲಸವನ್ನೂ ಮಾಡಿದ. ಅರಸರ ಕಾಲದಲ್ಲಿ ಲಾಟೀನು ಹೇಗೆ ಎಂದು ಅವನಿಗೂ ಅನುಮಾನ ಬಂತಂತೆ. ಬರೆದುಕೊಳ್ಳುವಾಗ ತಾನೇ ತಪ್ಪಿರಬೇಕು ಎಂದುಕೊಂಡು ಅದನ್ನು ದೀವಟಿಗೆ ಎಂದು ತಿದ್ದಿದ. ಸುಳ್ಳು ಹಿಡಿಯಲಿ ಅಂತ ಗುರು ಇಟ್ಟ ತೂತನ್ನು ಶಿಷ್ಯ ಭಕ್ತಿಯಿಂದ ಮುಚ್ಚಿದ.

ಸಂಚಿಕೆ ಇವರ ಮನೆಗೆ ಬಂದ ದಿನ ನನಗೆ ಫೋನ್ ಮಾಡಿದರು. ‘ಹ್ವಾಯ್ ಕನ್ನಡದವ್ರೇ, ಅವ ನನ್ನ ಲಾಟೀನು ತೆಗ್ದ್ ಹಾಕಿದ’ ಎಂದರು. ನನಗೆ ಮೊದಲು ನಗು ಬಂತು. ಆಮೇಲೆ ಅವರು ಉಳಿದದ್ದನ್ನು ಹೇಳಿದರು.

ಆ ಊರಿನ ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ಕೋಲದ ದಿನ ಭಂಡಾರ, ಎಂದರೆ ದೈವದ ಕತ್ತಿ, ಆಭರಣಗಳ ಪೆಟ್ಟಿಗೆ, ಹೊಳೆಯಾಚೆಯ ಮೂಲಮನೆಯಿಂದ ದೋಣಿಯಲ್ಲಿ ಬರಬೇಕು. ಸೇತುವೆ ಆದ ಮೇಲೂ ದೋಣಿಯಲ್ಲೇ. ಆ ದೋಣಿ ಕಡವಿನಮನೆಯದ್ದೇ ಆಗಬೇಕು, ಹುಟ್ಟು ಹಾಕುವವರೂ ಆ ಮನೆಯವರೇ. ದೋಣಿಗೆ ಬೇರೆ ಕೆಲಸವೇ ಇಲ್ಲದ ಈ ಕಾಲದಲ್ಲಿ ಅವರಿಗೆ ಉಳಿದಿದ್ದ ಮರ್ಯಾದೆ ಅದೊಂದೇ. ಸಂಚಿಕೆ ಬಂದ ಮೇಲೆ ಸಮಿತಿಯಲ್ಲಿ ಯಾರೋ ಬಾಯಿ ತೆಗೆದರು: ಊರನ್ನು ಲೂಟಿಗೆ ಕೊಟ್ಟವರ ದೋಣಿಯಲ್ಲಿ ದೈವದ ಭಂಡಾರ ತರುವುದು ಸರಿಯಾ? ಆ ವರ್ಷ ಬೇರೆ ಮನೆಯ ದೋಣಿ ಬಂತು. ಕಡವಿನಮನೆಯ ಮಕ್ಕಳಿಗೆ ಶಾಲೆಯಲ್ಲಿ ‘ದೀಪ ತೋರಿಸಿದವರು’ ಎಂದು ಅಡ್ಡಹೆಸರು ಬಿತ್ತು.

ಇವರು ಆ ಊರಿಗೆ ಹೋದರು. ಸಮಿತಿಯ ಎದುರು ನಿಂತು, ಇದು ನಾನು ತರಗತಿಗಾಗಿ ಕಟ್ಟಿದ ಕತೆ, ಇದರಲ್ಲಿ ಒಂದಕ್ಷರ ನಿಜವಿಲ್ಲ ಎಂದರು. ಶಿಷ್ಯ ಓಡಿ ಬಂದು ಕಾಲು ಮುಟ್ಟಿದ, ಶಾಲು ಹೊದೆಸಿದ. ಆಮೇಲೆ ಜನರ ಕಡೆ ತಿರುಗಿ ಕಣ್ಣು ಒದ್ದೆ ಮಾಡಿಕೊಂಡು, ನಮ್ಮ ಸರ್ ಎಂಥ ದೊಡ್ಡ ಮನುಷ್ಯರು ನೋಡಿ, ಒಂದು ಮನೆಯವರಿಗೆ ಬೇಸರವಾಗಬಾರದು ಅಂತ ಸುಳ್ಳಿನ ಅಪವಾದವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದ. ಚಪ್ಪಾಳೆ ಬಿತ್ತು. ಶಾಲು ಹೊದ್ದು ಇವರು ವಾಪಸ್ಸು ಬಂದರು.

ಸುಮ್ಮನೆ ಕೂರುವ ಜನವಲ್ಲವಲ್ಲ. ಮತ್ತೆ ಹೋದರು. ಅಷ್ಟರಲ್ಲಿ ಕತೆ ಯೂಟ್ಯೂಬಿಗೆ ಏರಿತ್ತು. ಹಿನ್ನೆಲೆಯಲ್ಲಿ ಚಂಡೆ, ಮುಂದೆ ಒಬ್ಬ ಹುಡುಗ ಹೊಳೆಯ ಕಡೆ ಕೈ ಮಾಡಿ ತೋರಿಸುತ್ತಾ ಮಾತಾಡುವುದು. ಅದರಲ್ಲಿ ನಿದ್ದೆ ಬಾರದೆ ಹೊರಗೆ ಬಂದ ಒಬ್ಬ ಅಜ್ಜಿ ದೀವಟಿಗೆಯನ್ನು ಕಂಡಳು ಎಂದು ಸೇರಿಸಿದ್ದ. ಎರಡನೆಯ ತೂತೂ ಮುಚ್ಚಿತು. ಆಮೇಲೆ ಊರಿನ ಹಿರಿಯರಿಗೇ ಒಬ್ಬೊಬ್ಬರಾಗಿ ನೆನಪು ಬರತೊಡಗಿತು. ತೊಂಬತ್ತರ ಹತ್ತಿರದ ಒಬ್ಬ ಅಜ್ಜಯ್ಯನ ಎದುರು ಕೂತು ಇವರು ಕಣ್ಣು ಮುಟ್ಟಿ ಕಿವಿ ಎಳೆದು ಕೇಳಿದರಂತೆ. ಅಜ್ಜಯ್ಯ ಒಂದಿಷ್ಟೂ ಅಳುಕದೆ, ‘ಕೇಂಡದ್ದ್ ಮಾಷ್ಟ್ರೇ. ನಮ್ಮಜ್ಜಿ ಬಾಯಂಗೇ ಕೇಂಡದ್ದ್. ನಾನ್ ಸಣ್ಣವ ಇಪ್ಪ ಹೊತ್ತಿಗೆ’ ಎಂದನಂತೆ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ ಎಂದರು ಇವರು. ಅವನ ಕಿವಿಯಲ್ಲಿ ಅವನ ಅಜ್ಜಿ ನಿಜವಾಗಿಯೂ ಹೇಳುತ್ತಿದ್ದಳು, ನಾನು ಬರೆದ ವಾಕ್ಯವನ್ನೇ ಹೇಳುತ್ತಿದ್ದಳು ಎಂದರು.

ಹಳೆಯ ವಿದ್ಯಾರ್ಥಿಗಳನ್ನು ಹುಡುಕಿದರು. ಆ ಎರಡನೆಯ ದಿನ ತರಗತಿಯಲ್ಲಿದ್ದ ಒಬ್ಬರಾದರೂ ಸಾಕ್ಷಿ ಹೇಳಲಿ ಅಂತ. ಮುಂಬೈಯಲ್ಲಿ ಹೋಟೆಲು ಇಟ್ಟವರಿಗೆ, ಅಮಾಸೆಬೈಲಿನಲ್ಲಿ ತೋಟ ಮಾಡುವವರಿಗೆ, ಎಲ್ಲರಿಗೂ ಫೋನು. ಎಲ್ಲರಿಗೂ ಕತೆ ನೆನಪಿತ್ತು. ಸರ್, ಆ ಕಡವಿನ ಕತೆ ಎಂಥಾ ಚಂದ ಇತ್ತು, ಈಗಲೂ ಮಕ್ಕಳಿಗೆ ಹೇಳುತ್ತೇನೆ ಎಂದರು. ಮರುದಿನದ ಪಾಠ ಒಬ್ಬರಿಗೂ ನೆನಪಿರಲಿಲ್ಲ. ಲಾಟೀನಿನ ತಪ್ಪು ಹಿಡಿದು ಎದ್ದು ನಿಂತಿದ್ದ ಹಿಂದಿನ ಬೆಂಚಿನವನೂ ಮರೆತಿದ್ದ. ಫೋನಿಟ್ಟು ಇವರು ನನ್ನ ಮುಖ ನೋಡಿದ ನೋಟ ನನಗೆ ಮರೆಯುವುದಿಲ್ಲ. ಮೂವತ್ತು ವರ್ಷ ಉತ್ತಿ ಬಿತ್ತಿದ ಗದ್ದೆಯಲ್ಲಿ ಕಳೆ ಮಾತ್ರ ಬೆಳೆದಿತ್ತು.

ಒಮ್ಮೆ ನನ್ನನ್ನೂ ಕರೆದುಕೊಂಡು ಕಡವಿನಮನೆಗೆ ಹೋದರು. ಅಲ್ಲಿದ್ದದ್ದು ಗಿರಿಜಕ್ಕ, ಗಂಡ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದ ಹೆಂಗಸು. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟಳು. ಅಂಗಳದ ಬದಿಯಲ್ಲಿ ದೋಣಿ ಮಗುಚಿ ಹಾಕಿತ್ತು. ಅದಕ್ಕೆ ಆ ವರ್ಷವೂ ಎಣ್ಣೆ ಹಚ್ಚಿದ ಗುರುತಿತ್ತು. ಇವರು ಆಕೆಯ ಎದುರು ಕೈಮುಗಿದು, ತಪ್ಪು ನನ್ನದು ಅಮ್ಮ, ಆ ಕತೆ ನಾನು ಹುಟ್ಟಿಸಿದ್ದು ಎಂದರು. ಆಕೆ ಖಾಲಿ ಲೋಟಗಳನ್ನು ಎತ್ತಿಕೊಂಡು, ‘ಹುಟ್ಸಿದ್ದ್ ನೀವೇ ಆಯ್ಕ್. ಸಾಯ್ಸುಕೆ ನಿಮ್ಮತ್ರ ಆತ್ತಾ ಮಾಷ್ಟ್ರೇ?’ ಎಂದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಗೆ ಹಣೆ ಒತ್ತಿ ಕೂತಿದ್ದರು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಸ್ವಲ್ಪವೇ, ಬಲಗೈ ಮತ್ತು ಮಾತು. ಬುದ್ಧಿ ಸ್ವಚ್ಛ ಇತ್ತು. ಆದರೆ ಪದಗಳು ತಡವಾಗಿ ಬರುತ್ತಿದ್ದವು, ಕೆಲವೊಮ್ಮೆ ಒಂದರ ಬದಲು ಇನ್ನೊಂದು. ಆ ಸ್ಥಿತಿಯಲ್ಲೂ ಬಂದವರಿಗೆಲ್ಲ ಕಡವಿನಮನೆಯ ವಿಷಯ ಹೇಳುವುದು ಬಿಡಲಿಲ್ಲ. ಶಿಷ್ಯ ತಿಂಗಳಿಗೊಮ್ಮೆ ಹಣ್ಣು ಹಿಡಿದು ನೋಡಲು ಬರುತ್ತಿದ್ದ. ಅವನು ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಇವರ ಕೈ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡು, ಹೊರಗೆ ಬಂದು ನನ್ನ ಹತ್ತಿರ, ಪಾಪ ಸರ್‌ಗೆ ಯಾವುದು ಪಾಠ ಯಾವುದು ಇತಿಹಾಸ ಅಂತ ಗೊತ್ತಾಗ್ತಾ ಇಲ್ಲ ಎಂದ. ಮೊದಲು ದೊಡ್ಡತನ ಅಂದರು, ಈಗ ಮರೆವು ಅಂದರು. ಇವರ ಬಾಯಿಂದ ಬಂದ ಸುಳ್ಳನ್ನು ನಂಬಿದ ಊರು, ಅದೇ ಬಾಯಿಂದ ಬಂದ ಸತ್ಯವನ್ನು ಕಡೆಯವರೆಗೂ ನಂಬಲಿಲ್ಲ.

ಕೊನೆಯ ದಿನಗಳಲ್ಲಿ ಒಮ್ಮೆ ನಾನು ಹೋದಾಗ ಎಡಗೈಯ ಬೆರಳನ್ನು ಬಹಳ ಕಷ್ಟದಿಂದ ಎತ್ತಿ ನನ್ನ ಕಡೆ ತೋರಿಸಿದರು. ಮತ್ತೆ ತನ್ನ ಕಣ್ಣಿನ ಕೆಳಗೆ ಮುಟ್ಟಿದರು. ನೀವು ಕಂಡಿದ್ದೀರಲ್ಲ ಎಂದು ಕೇಳಿದ್ದೋ, ನೀವು ನೋಡಿಕೊಳ್ಳಿ ಎಂದದ್ದೋ ಗೊತ್ತಾಗಲಿಲ್ಲ. ನಾನು ಸುಮ್ಮನೆ ತಲೆಯಾಡಿಸಿದೆ.

ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ಗಿರಿಜಕ್ಕ ಕುಂದಾಪುರದ ನನ್ನ ಮನೆಗೆ ಬಂದಳು. ಆ ವರ್ಷದ ಕೋಲ ಹತ್ತಿರ ಬಂದಿತ್ತು, ಸಮಿತಿಯ ಸಭೆ ಕರೆದಿದ್ದರು. ಮಾಷ್ಟ್ರು ಹೋದ ಮೇಲೆ ಶಿಷ್ಯನ ಮನಸ್ಸೂ ಸ್ವಲ್ಪ ಮೆತ್ತಗಾಗಿತ್ತಂತೆ. ಆ ಕಾಲದವರು ಯಾರಾದರೂ ಒಬ್ಬರು ಬಂದು ಹೇಳಲಿ, ದೋಣಿ ವಾಪಸ್ಸು ಕೊಡುವ ಎಂದಿದ್ದನಂತೆ. ಆಕೆ ಸೋಫಾದ ತುದಿಯಲ್ಲಿ ಕೂತು, ‘ನಂಗ್ ಗೊತ್ತಿಪ್ಪುದ್ ನೀವೊಬ್ರೇ ಟೀಚ್ರೇ. ಒಂದ್ ಮಾತ್ ಹೇಳಿ. ಮಕ್ಳಿಗೆ ಆ ಹೆಸ್ರ್ ಹೋದ್ರೆ ಸಾಕ್’ ಎಂದಳು. ಖಂಡಿತ ಬರುತ್ತೇನೆ ಎಂದೆ.

ಬಸ್ಸಿನಲ್ಲಿ ಹೋಗುವಾಗ ನಾನು ಯೋಚಿಸಿದ್ದು ಒಂದೇ. ನನಗೆ ಏನು ಗೊತ್ತು? ಇತಿಹಾಸದ ಪೀರಿಯಡ್ ಮುಗಿದ ಮೇಲೆ ಅದೇ ಕೋಣೆಯಲ್ಲಿ ನನ್ನ ಕನ್ನಡ. ಅವರು ಹಲಗೆ ಒರೆಸದೆ ಹೋಗುತ್ತಿದ್ದರು. ನಾನು ಗೊಣಗುತ್ತಾ ಒರೆಸುತ್ತಿದ್ದೆ. ಅಂದರೆ ಆ ಕತೆಯನ್ನು ಎಷ್ಟೋ ವರ್ಷ ನಾನೇ ಒರೆಸಿರಬೇಕು. ಆದರೆ ಒರೆಸುವವರು ಓದುತ್ತಾರೆಯೇ? ಸ್ಟಾಫ್ ರೂಮಿಗೆ ಕೈಯೆಲ್ಲ ಸೀಮೆಸುಣ್ಣ ಮಾಡಿಕೊಂಡು ಬಂದು ‘ಇವತ್ತ್ ಲಾಟೀನು ಹಚ್ಚಿ ಬಂದೆ’ ಎಂದು ಅವರು ನಗುತ್ತಿದ್ದದ್ದು ನನಗೆ ನೆನಪಿದೆ. ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಅದು ಆಗಲೇ ಕೇಳಿದ್ದೋ, ಅಥವಾ ಈ ಗಲಾಟೆ ಎದ್ದ ಮೇಲೆ ‘ನಾನ್ ಹೀಂಗೆ ಹೇಳ್ತಿದ್ದೆ, ನಿಮ್ಗ್ ನೆನ್ಪಿಲ್ಯಾ’ ಎಂದು ಅವರು ಮತ್ತೆಮತ್ತೆ ಕೇಳಿದ್ದಕ್ಕೆ ನನ್ನೊಳಗೆ ಹುಟ್ಟಿದ್ದೋ? ಆ ಅಜ್ಜಯ್ಯನ ಅಜ್ಜಿಯ ಹಾಗೆ ನನ್ನ ಕಿವಿಯಲ್ಲೂ ಅವರು ಕೂತು ಹೇಳುತ್ತಿದ್ದಾರೋ? ತಲ್ಲೂರು ದಾಟುವಷ್ಟರಲ್ಲಿ ನಿರ್ಧಾರ ಮಾಡಿದೆ. ಹಾಳಾಗಿ ಹೋಗಲಿ, ಕಂಡಿದ್ದೇನೆ ಎಂದು ಹೇಳಿಬಿಡುವುದು. ಹಲಗೆ ಒರೆಸುವಾಗ ಓದಿದೆ, ಲಾಟೀನು ಅಂತಲೇ ಇತ್ತು, ಮರುದಿನ ಮಕ್ಕಳು ನಕ್ಕದ್ದು ಕೇಳಿಸಿತ್ತು. ಒಂದು ಮನೆಯ ಮಾನ ಉಳಿಯುವುದಾದರೆ ಒಂದು ಸುಳ್ಳಿನಿಂದ ಎಂಥ ಪಾಪ ಬರುತ್ತದೆ?

ಸಭೆಯಲ್ಲಿ ಹತ್ತಿಪ್ಪತ್ತು ಜನ ಇದ್ದರು. ಗೋಡೆಯಲ್ಲಿ ಇವರ ಫೋಟೋ, ಮಾಲೆ. ಗಿರಿಜಕ್ಕ ಬಾಗಿಲ ಬಳಿ ನಿಂತಿದ್ದಳು. ನಾನು ಎದ್ದು, ಆ ಕತೆ ಪಾಠಕ್ಕಾಗಿ ಕಟ್ಟಿದ್ದು, ನನಗೆ ಚೆನ್ನಾಗಿ ಗೊತ್ತು ಎಂದೆ. ಶಿಷ್ಯ ತಲೆ ಬಗ್ಗಿಸಿ ಕೇಳಿಸಿಕೊಂಡ. ಆಮೇಲೆ ಬಹಳ ಗೌರವದಿಂದ, ಒಂದು ಚೂರೂ ಕುಹಕವಿಲ್ಲದೆ, ಬಲಗೈಯ ಬೆರಳನ್ನು ಕಣ್ಣಿನ ಕೆಳಗೆ ಮುಟ್ಟಿದ, ಕಿವಿಯ ಹಾಲೆ ಎಳೆದ.

‘ಮೇಡಂ, ಸರ್ ಇದ್ದಿದ್ರೆ ಇದನ್ನೇ ಕೇಂತಿದ್ರ್. ನೀವ್ ಕಂಡದ್ದಾ, ಕೇಂಡದ್ದಾ?’

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯ ನಾಲಗೆಯ ತುದಿಯಲ್ಲಿತ್ತು. ಗೋಡೆಯ ಮೇಲಿಂದ ಆ ಮನುಷ್ಯ ನೋಡುತ್ತಿದ್ದರು. ಸತ್ತ ಮೇಲೂ ನನ್ನ ನಾಲಗೆ ಹಿಡಿದುಕೊಂಡು ಕೂತ ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

‘ಕೇಂಡದ್ದ್’ ಎಂದೆ.

ಆಮೇಲೆ ಏನೇನೋ ಹೇಳಿದೆ. ಅವರ ಬಾಯಿಂದಲೇ ಕೇಳಿದ್ದು, ಕತೆ ಕಟ್ಟಿದವನೇ ಹೇಳಿದ ಮೇಲೆ ಅದಕ್ಕಿಂತ ಹತ್ತಿರದ ಸಾಕ್ಷಿ ಯಾವುದಿದೆ ಎಂದು ವಾದಿಸಿದೆ. ಅದು ಅವರ ಆರೋಗ್ಯ ಕೆಡುವ ಮೊದಲಾ, ಆಮೇಲಾ ಎಂದು ಶಿಷ್ಯ ಕೇಳಿದ. ಎರಡೂ ಸಲ ಎಂದೆ. ಈ ಸಂಚಿಕೆ ಬರುವ ಮೊದಲು ಒಂದು ಸಲವಾದರೂ ಕೇಳಿದ್ದಿದೆಯಾ ಎಂದ. ನಾನು ಅಲ್ಲಿಗೆ ನಿಂತೆ. ಅವನು ಒತ್ತಾಯ ಮಾಡಲಿಲ್ಲ. ಕಾಫಿ, ಕರಿದ ಅಂಬಡೆ ಬಂತು. ಈ ವರ್ಷವೂ ಹಾಗೆಯೇ ನಡೆಯಲಿ ಎಂದು ಯಾರೋ ಹೇಳಿದರು. ಗಿರಿಜಕ್ಕ ನಿಂತಿದ್ದ ಬಾಗಿಲು ಆಗಲೇ ಖಾಲಿಯಾಗಿತ್ತು.

ಕೋಲದ ದಿನ ನಾನು ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ, ಮನೆಯಲ್ಲಿ ಕೂರಲು ಆಗಲಿಲ್ಲ. ಸಂಜೆ ಹೊಳೆಯಲ್ಲಿ ಸಮುದ್ರದ ಭರತದ ನೀರು ಏರಿತ್ತು. ಗಿರಿಜಕ್ಕ ರೇಷ್ಮೆಯ ಪಟ್ಟೆಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದು, ಜನರಿಂದ ಸ್ವಲ್ಪ ದೂರ ಕಡವಿನ ಕಲ್ಲಿನ ಮೇಲೆ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಆಚೆ ದಡದಿಂದ ದೋಣಿ ಹೊರಟಿತು. ಹೊಸ ಬಣ್ಣ ಬಳಿದ, ಬೇರೆ ಮನೆಯ ದೋಣಿ. ನಡುವೆ ಕೆಂಪು ವಸ್ತ್ರ ಮುಚ್ಚಿದ ಪೆಟ್ಟಿಗೆ. ಹುಟ್ಟು ಹಾಕುವವನಿಗೆ ಸೆಳೆತ ಗೊತ್ತಿರಲಿಲ್ಲ, ದೋಣಿಯ ಮುಂಭಾಗ ಪಕ್ಕಕ್ಕೆ ತಿರುಗುತ್ತಿತ್ತು. ಗಿರಿಜಕ್ಕನ ಬಲಗೈ ತನ್ನಷ್ಟಕ್ಕೆ ಮುಷ್ಟಿ ಕಟ್ಟಿ ಗಾಳಿಯಲ್ಲಿ ಒಂದು ಹುಟ್ಟು ಹಾಕಿತು, ಮತ್ತೊಂದು ಹಾಕಿತು. ಜನ ಕೈಮುಗಿದರು. ದೋಣಿ ನಮ್ಮ ಎದುರಿನಿಂದ ಹಾದುಹೋಗುವಾಗ ಅದರಲ್ಲಿದ್ದ ಯಾರೂ ಈ ಕಲ್ಲಿನ ಕಡೆ ನೋಡಲಿಲ್ಲ. ಮೊಮ್ಮಗಳು ಮಾತ್ರ, ನಮ್ಮ ದೋಣಿ ಎಂತಕೆ ಬರಲಿಲ್ಲ ಎಂದು ಕೇಳಿತು.

ಆಕೆ ಮಗುವಿನ ಕೈ ಬಿಡದೆ ನನ್ನ ಕಡೆ ತಿರುಗಿದಳು.

‘ಟೀಚ್ರೇ, ಇದ್ ನೀವ್ ಕಂಡದ್ದಲ್ದಾ?’

ಹೌದು, ಕಂಡೆ ಎಂದೆ.

‘ಹಾಂಗಾರೆ ಇದನ್ನಾರೂ ಬರ್ದ್ ಇಡಿ’ ಎಂದಳು.